ಕೈ ಊರದೆ ನೆಲದಿಂದ ಏಳಲಾಗದಿದ್ದರೆ ಐದೇ ವರ್ಷ ಆಯಸ್ಸಾ? ಈ ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ಈ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಕೈ ಊರದೆ, ಮಂಡಿ ಊರದೆ ಸರಾಗವಾಗಿ ಎದ್ದು ನಿಲ್ಲುತ್ತಾರೆ. ಕೆಳಗಿನ ಬರಹದ ಸಾರಾಂಶ ಇಷ್ಟು: ನಿಮಗೆ ಹೀಗೆ ಏಳಲು ಬರದಿದ್ದರೆ ಐದು ವರ್ಷದೊಳಗೆ ಸಾವು ಬರುವ ಸಂಭವ ಹೆಚ್ಚು, ವಿಜ್ಞಾನಿಗಳೇ ಹೇಳಿದ್ದಾರೆ, ಈಗಲೇ ಮಾಡಿ ನೋಡಿ, ಹತ್ತು ಜನಕ್ಕೆ ಕಳಿಸಿ. ಕೆಲವು ಫಾರ್ವರ್ಡ್‌ಗಳಿಗೆ ಒಂದು ಬಾಲವೂ ಇದೆ. ಏಳಲಾಗದಿರುವುದಕ್ಕೆ ಕಾರಣ ಮಂಡಿಯ 'ಗ್ರೀಸ್' ಒಣಗಿರುವುದಂತೆ, ರಾತ್ರಿ ನೆನೆಸಿಟ್ಟ ಬೆಂಡೆಕಾಯಿ ನೀರು ಕುಡಿದರೆ ಅದು ವಾಪಸ್ ಬರುತ್ತದಂತೆ.

ದಾವಣಗೆರೆ ಮತ್ತು ಹರಿಹರದ ಓದುಗರು ಇದನ್ನು ನಮಗೆ ಕಳಿಸಿ 'ಇದು ಖರೇನಾ?' ಎಂದು ಕೇಳಿದ್ದಾರೆ. ಹರಿಹರದ ಒಬ್ಬರ ಮೆಸೇಜು ನಮ್ಮನ್ನು ಈ ಲೇಖನಕ್ಕೆ ಕೂರಿಸಿತು. ಅವರ ತಾಯಿಗೆ ಅರವತ್ತು ದಾಟಿದೆ. ಊಟಕ್ಕೆ, ಪೂಜೆಗೆ ನೆಲದ ಮೇಲೆಯೇ ಕೂತು, ಮಂಚದ ಅಂಚು ಹಿಡಿದು ಏಳುತ್ತಿದ್ದವರು ಈ ವಿಡಿಯೊ ನೋಡಿದ ಮೇಲೆ ನೆಲಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ. ಯಾರಾದರೂ ಕೇಳಿದರೆ 'ನನ್ನದು ಮುಗೀತು ಬಿಡು' ಅನ್ನುತ್ತಾರಂತೆ.

ಮೊದಲು ಚಿಕ್ಕ ಉತ್ತರ. ಪರೀಕ್ಷೆ ನಿಜ, ಅದರ ಮೇಲೆ ಅಧ್ಯಯನ ನಡೆದಿರುವುದೂ ನಿಜ. 'ಐದು ವರ್ಷದಲ್ಲಿ ಸಾವು' ಎಂಬುದು ಆ ಅಧ್ಯಯನದಲ್ಲಿ ಇಲ್ಲ. ಗ್ರೀಸಿನ ಕಥೆ ಪೂರ್ತಿ ತಪ್ಪು. ಆ ತಾಯಿ ನೆಲಕ್ಕೆ ಕೂರುವುದನ್ನು ಬಿಟ್ಟದ್ದು ಈ ಫಾರ್ವರ್ಡ್ ಮಾಡಿದ ದೊಡ್ಡ ಹಾನಿ. ಯಾಕೆ ಎಂದು ಮುಂದೆ ಹೇಳುತ್ತೇವೆ.

ಆ ಅಧ್ಯಯನದಲ್ಲಿ ಇರುವುದೇನು?

ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಕ್ಲೌಡಿಯೊ ಗಿಲ್ ಅರಾಜೊ ಎಂಬ ವೈದ್ಯರು ವ್ಯಾಯಾಮ ಚಿಕಿತ್ಸಾಲಯ ನಡೆಸುತ್ತಾರೆ. ಕೂತು ಏಳುವ ಈ ಪರೀಕ್ಷೆಯನ್ನು ರೂಪಿಸಿದ್ದು ಅವರ ತಂಡ. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈ, ಮುಂಗೈ, ಮಂಡಿ, ಕಾಲಿನ ಪಕ್ಕ ಹೀಗೆ ಯಾವುದನ್ನು ಊರಿದರೂ ಪ್ರತಿ ಸಲ ಒಂದು ಅಂಕ ಕಳೆಯುತ್ತಾರೆ, ಮೈ ವಾಲಿದರೆ ಅರ್ಧ ಅಂಕ. ಅಂದರೆ ಇದು ಪಾಸ್-ಫೇಲ್ ಪರೀಕ್ಷೆಯಲ್ಲ. ಒಂದು ಕೈ ಊರಿ ಎದ್ದವರಿಗೂ 9 ಸಿಗುತ್ತದೆ! ವಿಡಿಯೊದಲ್ಲಿ ಈ ಮಾತು ಬರುವುದೇ ಇಲ್ಲ.

2012ರಲ್ಲಿ ಪ್ರಕಟವಾದ ಮೊದಲ ದೊಡ್ಡ ವರದಿಯಲ್ಲಿ 51ರಿಂದ 80 ವರ್ಷದ 2,002 ಜನರಿದ್ದರು. ಸುಮಾರು ಆರು ವರ್ಷ ಅವರನ್ನು ಗಮನಿಸಿದಾಗ 159 ಜನ ತೀರಿಕೊಂಡಿದ್ದರು. ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಅಲ್ಲಿಂದಲೇ ಈ ಸುದ್ದಿ ಜಗತ್ತೆಲ್ಲ ಸುತ್ತಿದ್ದು. 2025ರಲ್ಲಿ ಅದೇ ತಂಡ ಇನ್ನೂ ದೊಡ್ಡ ವರದಿ ಪ್ರಕಟಿಸಿತು: 46ರಿಂದ 75 ವರ್ಷದ 4,282 ಜನ, ಸುಮಾರು 12 ವರ್ಷದ ನಿಗಾ. ಪೂರ್ತಿ 10 ಅಂಕ ಪಡೆದವರಲ್ಲಿ ನೂರಕ್ಕೆ ಸುಮಾರು 4 ಜನ ತೀರಿಕೊಂಡಿದ್ದರು. 0ಯಿಂದ 4 ಅಂಕ ಪಡೆದವರಲ್ಲಿ ನೂರಕ್ಕೆ ಸುಮಾರು 42 ಜನ.

42 ದೊಡ್ಡ ಸಂಖ್ಯೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಿ. ಅತಿ ಕಡಿಮೆ ಅಂಕ ಪಡೆದ ಗುಂಪಿನಲ್ಲೇ ನೂರಕ್ಕೆ 58 ಜನ ಹನ್ನೆರಡು ವರ್ಷ ಕಳೆದ ಮೇಲೂ ಬದುಕಿದ್ದರು. ಐದು ವರ್ಷದ ಗಡುವು ಎಲ್ಲಿಂದ ಬಂತು? ಕಡಿಮೆ ಅಂಕದವರಲ್ಲಿ ಸಾವಿನ ಅಪಾಯ ಇಷ್ಟು ಪಟ್ಟು ಹೆಚ್ಚು ಎಂದು ವರದಿಯಲ್ಲಿತ್ತು. ಆ 'ಪಟ್ಟು' ಫಾರ್ವರ್ಡ್ ಆಗುತ್ತಾ ಆಗುತ್ತಾ 'ವರ್ಷ' ಆಗಿರಬೇಕು ಎಂಬುದು ನಮ್ಮ ಊಹೆ.

ಇನ್ನೊಂದು ಮುಖ್ಯ ವಿಷಯ: ಕೂತು ಏಳಲು ಅಡ್ಡಿಯಾಗುವಂಥ ದೈಹಿಕ ತೊಂದರೆ ಇದ್ದವರನ್ನು ಇದರಲ್ಲಿ ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಮಂಡಿ ಆಪರೇಷನ್ ಆದವರು, ಸೊಂಟ ಮುರಿದು ರಾಡ್ ಹಾಕಿಸಿಕೊಂಡವರು, ತೀವ್ರ ಸಂಧಿವಾತ ಇರುವವರು ಈ ಅಂಕವನ್ನು ತಮಗೆ ಅನ್ವಯಿಸಿಕೊಳ್ಳುವುದರಲ್ಲಿ ಅರ್ಥವೇ ಇಲ್ಲ. ಮತ್ತೆ, ಕಡಿಮೆ ಅಂಕ ಸಾವಿಗೆ ಕಾರಣವಲ್ಲ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ವರ್ಷಗಟ್ಟಲೆ ಕೂತೇ ಇರುವ ಬದುಕು ಸ್ನಾಯುವನ್ನೂ ಸೊರಗಿಸುತ್ತವೆ, ಆಯಸ್ಸನ್ನೂ ಕಡಿಮೆ ಮಾಡುತ್ತವೆ. ಬಾಗಿಲ ಬಳಿ ಚಪ್ಪಲಿ ಜಾಸ್ತಿ ಇದ್ದರೆ ಮನೆಯಲ್ಲಿ ನೆಂಟರಿದ್ದಾರೆ ಎಂದು ತಿಳಿಯಬಹುದು, ಚಪ್ಪಲಿಯಿಂದ ನೆಂಟರು ಹುಟ್ಟುವುದಿಲ್ಲ.

ಏಳುವಾಗ ಒಳಗೆ ನಡೆಯುವುದೇನು?

ಒಂದು ಆಟ ಆಡಿ ನೋಡಿ. ಮನೆಯವರೊಬ್ಬರನ್ನು ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂರಿಸಿ. ಕೈಗಳು ಎದೆಯ ಮೇಲಿರಲಿ. ಅವರ ಹಣೆಗೆ ಒಂದೇ ಒಂದು ಬೆರಳು ಇಟ್ಟು ತಲೆ ಮುಂದೆ ಬರದಂತೆ ತಡೆಯಿರಿ. ಈಗ ಏಳಲು ಹೇಳಿ. ಎಂಥ ಪೈಲ್ವಾನನಾದರೂ ಏಳಲಾರ. ಬೆರಳಿಗೆ ಅಷ್ಟು ಶಕ್ತಿ ಇಲ್ಲ. ಆದರೆ ಏಳಬೇಕಾದರೆ ಮೈಭಾರ ಮೊದಲು ಪಾದದ ಮೇಲೆ ಬರಬೇಕು, ಅದಕ್ಕೆ ತಲೆ ಮತ್ತು ಎದೆ ಮುಂದಕ್ಕೆ ಬಾಗಲೇಬೇಕು. ವಯಸ್ಸಾದವರು ಕುರ್ಚಿಯಿಂದ ಏಳಲು ಒದ್ದಾಡುವಾಗ ಎಷ್ಟೋ ಸಲ ತೊಂದರೆ ಇಲ್ಲಿಯೇ ಇರುತ್ತದೆ. ಮುಂದೆ ಬಿದ್ದುಬಿಡುತ್ತೇನೆ ಎಂಬ ಹೆದರಿಕೆಯಿಂದ ಬಾಗುವುದೇ ಇಲ್ಲ. ಪಾದವನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ ಏಳಿ ಎಂದರೆ ಕೆಲವರು ಅಲ್ಲೇ ಎದ್ದುಬಿಡುತ್ತಾರೆ.

ಭಾರ ಪಾದದ ಮೇಲೆ ಬಂದ ಮೇಲೆ ಸ್ನಾಯುಗಳ ಕೆಲಸ. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ತೊಡೆಯ ಮುಂಭಾಗದಲ್ಲಿ ಕ್ವಾಡ್ರಿಸೆಪ್ಸ್ ಎಂಬ ನಾಲ್ಕು ಸ್ನಾಯುಗಳ ಗುಂಪಿದೆ. ನಾಲ್ಕೂ ಸೇರಿ ಮಂಡಿಚಿಪ್ಪನ್ನು ಹಿಡಿದು, ಅದರ ಕೆಳಗಿನ ಗಟ್ಟಿ ಪಟ್ಟಿಯ ಮೂಲಕ ಮೊಣಕಾಲ ಕೆಳಗಿನ ಮೂಳೆಯನ್ನು ಎಳೆಯುತ್ತವೆ, ಆಗ ಮಡಿಚಿದ ಮಂಡಿ ನೇರವಾಗುತ್ತದೆ. ಮಂಡಿಚಿಪ್ಪು ಅಲ್ಲಿ ಸುಮ್ಮನೆ ಕೂತಿಲ್ಲ. ಎಳೆಯುವ ಪಟ್ಟಿಯನ್ನು ಕೀಲಿನಿಂದ ಸ್ವಲ್ಪ ಮುಂದಕ್ಕೆ ಹಿಡಿದು, ಉದ್ದ ಹಿಡಿಯ ಸ್ಪ್ಯಾನರ್‌ನಂತೆ ಅದೇ ಶಕ್ತಿಗೆ ಹೆಚ್ಚು ತಿರುಗುಬಲ ಕೊಡುತ್ತದೆ. ಸೊಂಟವನ್ನು ನೇರ ಮಾಡುವುದು ಪಿರ್ರೆಯ ದೊಡ್ಡ ಸ್ನಾಯು. ಮೀನಖಂಡ ಮತ್ತು ಪಾದದ ಸುತ್ತಲಿನ ಸ್ನಾಯುಗಳು ಮೈ ವಾಲದಂತೆ ಹಿಡಿಯುತ್ತವೆ.

ಇಲ್ಲಿ ಒಂದು ತಮಾಷೆ ಇದೆ. ತೊಡೆಯ ಹಿಂಭಾಗದ ಸ್ನಾಯುಗಳು ಮಂಡಿಯನ್ನು ಮಡಿಸುವಂಥವು. ಏಳುವಾಗ ಅವು ಸುಮ್ಮನಿರಬೇಕಲ್ಲವೇ? ಇರುವುದಿಲ್ಲ, ಮುಂದಿನವು ಹಿಂದಿನವು ಎರಡೂ ಒಟ್ಟಿಗೆ ಎಳೆಯುತ್ತವೆ. ವಾರೆನ್ ಲೊಂಬಾರ್ಡ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ 1903ರಲ್ಲೇ ಈ ಒಗಟನ್ನು ವಿವರಿಸಿದ್ದರು. ಹಿಂದಿನ ಸ್ನಾಯುಗಳು ಮಂಡಿಯ ಜೊತೆ ಸೊಂಟದ ಕೀಲನ್ನೂ ದಾಟುತ್ತವೆ. ಸೊಂಟದಲ್ಲಿ ಅವುಗಳ ಹಿಡಿತ ಹೆಚ್ಚು, ಹಾಗಾಗಿ ಸೊಂಟ ನೇರವಾಗುತ್ತದೆ. ಮಂಡಿಯಲ್ಲಿ ಮುಂದಿನವುಗಳ ಹಿಡಿತ ಹೆಚ್ಚು, ಹಾಗಾಗಿ ಮಂಡಿಯೂ ನೇರವಾಗುತ್ತದೆ. ಎರಡು ಎತ್ತು ಎರಡು ದಿಕ್ಕಿಗೆ ಎಳೆದರೂ ಬಂಡಿ ಮುಂದಕ್ಕೇ ಹೋದ ಹಾಗೆ.

ಕೂರುವಾಗ ಕೆಲಸ ಮಾಡುವುದೂ ತೊಡೆಯ ಅದೇ ಮುಂಭಾಗ. ಆಗ ಅದು ನಿಧಾನವಾಗಿ ಉದ್ದವಾಗುತ್ತಾ ಬ್ರೇಕ್ ಹಿಡಿಯುತ್ತದೆ. ನಿಮ್ಮ ಅಪ್ಪ ಸೋಫಾಗೆ 'ಧೊಪ್' ಎಂದು ಬೀಳುವಂತೆ ಕೂರುತ್ತಿದ್ದರೆ ಬ್ರೇಕ್ ಸಡಿಲವಾಗಿದೆ ಎಂದು ಅರ್ಥ. ನಮ್ಮ ಪ್ರಕಾರ ಇದು ಕೈ ಊರಿ ಏಳುವುದಕ್ಕಿಂತ ಮೊದಲೇ ಕಣ್ಣಿಗೆ ಬೀಳುವ ಸುಳಿವು.

ನೆಲದಿಂದ ಏಳುವುದು ಕುರ್ಚಿಯಿಂದ ಏಳುವುದಕ್ಕಿಂತ ಬಹಳ ಕಷ್ಟ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಿಚಿದರೆ ಸಾಕು, ಕುರ್ಚಿಯಿಂದ ಏಳಲು 90ರ ಮೇಲೆ ಬೇಕು, ಕುಕ್ಕರಗಾಲಲ್ಲಿ ಕೂರಲು 130 ದಾಟಬೇಕು. ಜೊತೆಗೆ ಸೊಂಟದ ಕೀಲು ಹೊರಕ್ಕೆ ತಿರುಗಬೇಕು, ಪಾದದ ಗಂಟು ಮುಂದಕ್ಕೆ ಬಾಗಬೇಕು, ಸಮತೋಲನ ಇರಬೇಕು, ಮೈತೂಕಕ್ಕೆ ತಕ್ಕ ಬಲ ಇರಬೇಕು. ಇವುಗಳಲ್ಲಿ ಯಾವ ಒಂದು ಕೈಕೊಟ್ಟರೂ ಅಂಕ ಕಡಿಮೆ. ಯಾವುದು ಕೈಕೊಟ್ಟಿತು ಎಂದು ಅಂಕ ಹೇಳುವುದಿಲ್ಲ.

ಪಾದದ ಗಂಟಿನದೇ ಉದಾಹರಣೆ ನೋಡಿ. ವರ್ಷಗಟ್ಟಲೆ ಕಮೋಡ್, ಕುರ್ಚಿ, ಬೈಕ್ ಅಷ್ಟೇ ಬಳಸಿದ ಮೂವತ್ತರ ಹುಡುಗರೂ ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ಮೇಲೆದ್ದು ಹಿಂದಕ್ಕೆ ಉರುಳುತ್ತಾರೆ. ಕಿಟಕಿಯ ಸರಳು ಹಿಡಿದುಕೊಂಡು, ಹಿಮ್ಮಡಿಯ ಕೆಳಗೆ ಎರಡು ಇಂಚು ದಪ್ಪದ ಹಲಗೆ ಇಟ್ಟು ಕೂತು ನೋಡಿ. ಈಗ ಸಲೀಸಾಗಿ ಕೂರಲು ಬಂದರೆ ತೊಡೆಯಲ್ಲಿ ಬಲ ಇದೆ, ಬಿಗಿಯಾಗಿರುವುದು ಪಾದದ ಗಂಟು ಮತ್ತು ಮೀನಖಂಡ. ಇದಕ್ಕೂ ಆಯಸ್ಸಿಗೂ ಏನು ಸಂಬಂಧ?

ಮಂಡಿಯಲ್ಲಿ ಗ್ರೀಸ್ ಒಣಗುತ್ತದೆಯೇ?

ಇಲ್ಲ. ಮಂಡಿಯೊಳಗೆ ಸೈನೋವಿಯಲ್ ದ್ರವ ಎಂಬ ಜಾರುವ ದ್ರವ ಇದೆ. ಆರೋಗ್ಯವಂತರ ಮಂಡಿಯಲ್ಲೂ ಅದು ಕೆಲವೇ ಮಿಲಿಲೀಟರ್, ಒಂದು ಟೀ ಚಮಚವೂ ತುಂಬುವುದಿಲ್ಲ. ಮಂಡಿ ಸವೆತ ಇರುವವರಲ್ಲಿ ಅದು ಒಣಗುವುದಿರಲಿ, ಎಷ್ಟೋ ಸಲ ಜಾಸ್ತಿಯಾಗಿ ಮಂಡಿ ಊದಿಕೊಳ್ಳುತ್ತದೆ. 'ಮಂಡಿಗೆ ನೀರು ತುಂಬಿದೆ' ಎಂದು ಡಾಕ್ಟರು ಹೇಳುವುದು ಇದನ್ನೇ. ಬೆಂಡೆಕಾಯಿಯ ಲೋಳೆ ಕೈಗೆ ಜಾರುತ್ತದೆ ನಿಜ, ಆದರೆ ಕುಡಿದರೆ ಅದು ಹೋಗುವುದು ಹೊಟ್ಟೆಗೆ. ಅಲ್ಲಿಂದ ಮಂಡಿಗೆ ಪೈಪಿಲ್ಲ. ಬೆಂಡೆಕಾಯಿ ಪಲ್ಯ ಮಾಡಿಕೊಂಡು ತಿನ್ನಿ, ಒಳ್ಳೆಯದೇ.

ಕೀಲಿನ ಮೂಳೆಗಳ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳ ಇಲ್ಲ. ಅದು ಸ್ಪಂಜಿನಂತೆ, ಭಾರ ಬಿದ್ದಾಗ ಹಿಂಡಿಕೊಂಡು, ಭಾರ ತೆಗೆದಾಗ ದ್ರವ ಹೀರಿಕೊಂಡು ಪೋಷಣೆ ಪಡೆಯುತ್ತದೆ. ಅಂದರೆ ಅದಕ್ಕೆ ಊಟ ಸಿಗುವುದು ಕೀಲು ಆಡಿದಾಗ. ಇನ್ನು ನೋವಿಲ್ಲದೆ, ಊತವಿಲ್ಲದೆ ಮಂಡಿ 'ಲಟಕ್' ಎಂದರೆ ಅದಕ್ಕೆ ಹೆದರಬೇಕಿಲ್ಲ.

ಬಸ್ಕಿ ಹೊಡೆದರೆ ಮಂಡಿ ಸವೆಯುತ್ತದೆಯೇ?

ಇದನ್ನು ದಾವಣಗೆರೆಯಲ್ಲಿ ಕೇಳುವುದೇ ಸರಿ. ದುಗ್ಗಮ್ಮನ ಜಾತ್ರೆ ಬಂದರೆ ಕುಸ್ತಿ ಅಖಾಡ ಸಿದ್ಧವಾಗುವ ಊರು ಇದು. ಗರಡಿ ಮನೆಯ ದಂಡ-ಬಸ್ಕಿ ಇಲ್ಲಿಯವರಿಗೆ ಜಿಮ್ ಬರುವುದಕ್ಕೆ ಎಷ್ಟೋ ಮೊದಲಿನಿಂದ ಗೊತ್ತು. ಈಗ ಜಿಮ್‌ನಲ್ಲಿ ಸ್ಕ್ವಾಟ್ ಎಂದು ಮಾಡಿಸುವುದೂ ಹೆಚ್ಚು ಕಡಿಮೆ ಅದೇ. ಆರೋಗ್ಯವಾಗಿರುವ ಮಂಡಿಗೆ, ಹಂತಹಂತವಾಗಿ ಕಲಿತ ಬಸ್ಕಿಯಿಂದ ಹಾನಿಯಾಗುತ್ತದೆ ಎನ್ನಲು ಆಧಾರವಿಲ್ಲ. ತೊಡೆಯ ಬಲ ಹೆಚ್ಚಿಸುವ ವ್ಯಾಯಾಮವನ್ನು ಮಂಡಿ ಸವೆತ ಇರುವವರಿಗೂ ಚಿಕಿತ್ಸೆಯ ಭಾಗವಾಗಿಯೇ ಹೇಳುತ್ತಾರೆ, ಅವರ ನೋವಿಗೆ ತಕ್ಕಂತೆ ಬಾಗುವ ಆಳ ಕಡಿಮೆ ಮಾಡಿ.

ಆದರೆ ಹತ್ತು ನಿಮಿಷದ ಬಸ್ಕಿ ಬೇರೆ, ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮಾಡುವ ದುಡಿಮೆ ಬೇರೆ. ತುಂಗಭದ್ರೆಯ ದಡದಲ್ಲಿ ಬಟ್ಟೆ ಒಗೆಯುವವರು, ನೆಲಕ್ಕೆ ಟೈಲ್ಸ್ ಕೂರಿಸುವವರು, ಹೊಲದಲ್ಲಿ ಕಳೆ ಕೀಳುವವರು ವರ್ಷಗಟ್ಟಲೆ ಹಾಗೇ ಕೂತಿರುತ್ತಾರೆ. ಮಂಡಿ ಊರಿ ಅಥವಾ ಕುಕ್ಕರಗಾಲಲ್ಲಿ ದೀರ್ಘಕಾಲ ಮಾಡುವ ಕೆಲಸಕ್ಕೂ ಮಂಡಿ ಸವೆತಕ್ಕೂ ನಂಟಿದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅವರಿಗೆ 'ಇನ್ನೂ ಬಸ್ಕಿ ಹೊಡಿ' ಎನ್ನುವುದು ಸರಿಯಲ್ಲ. ಅವರಿಗೆ ಬೇಕಿರುವುದು ಒಂದು ಮಣೆ ಅಥವಾ ಗಿಡ್ಡ ಸ್ಟೂಲು, ಮತ್ತು ನಡುನಡುವೆ ಎದ್ದು ನಿಲ್ಲಲು ಪುರುಸೊತ್ತು.

ಹಾಗಾದರೆ ಮನೆಯಲ್ಲಿ ಪರೀಕ್ಷೆ ಮಾಡುವುದು ಹೇಗೆ?

ಅರವತ್ತು ದಾಟಿದವರಿಗೆ ನೆಲದ ಪರೀಕ್ಷೆಗಿಂತ ಕುರ್ಚಿ ಪರೀಕ್ಷೆ ಸುರಕ್ಷಿತ. ಬೀಳುವ ಅಪಾಯ ಅಂದಾಜು ಮಾಡಲು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಕೂಡ ಇದನ್ನು ಬಳಸಲು ಹೇಳುತ್ತದೆ. ಸುಮಾರು 17 ಇಂಚು ಎತ್ತರದ, ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಬಲ ಸರಾಸರಿಗಿಂತ ಕಡಿಮೆ ಎಂದು ಲೆಕ್ಕ. 70ರಿಂದ 74ಕ್ಕೆ ಅದು 12 ಮತ್ತು 10, 80ರಿಂದ 84ಕ್ಕೆ 10 ಮತ್ತು 9. ಇವು ಅಮೆರಿಕದವರ ಲೆಕ್ಕ, ಒಂದೆರಡು ಕಡಿಮೆ ಬಂತೆಂದು ಗಾಬರಿಯಾಗಬೇಡಿ. ನಿಮ್ಮ ಇವತ್ತಿನ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಎರಡು ತಿಂಗಳ ನಂತರ ಮತ್ತೆ ನೋಡುವುದು ಹೆಚ್ಚು ಉಪಯೋಗ. ತಲೆಸುತ್ತು, ಎದೆನೋವು, ಇತ್ತೀಚಿನ ಆಪರೇಷನ್ ಇದ್ದವರು ಯಾವ ಪರೀಕ್ಷೆಯನ್ನೂ ಮನೆಯಲ್ಲಿ ಮಾಡುವುದು ಬೇಡ.

ಸಂಖ್ಯೆ ಕಡಿಮೆ ಬಂದರೆ ಅದನ್ನು ಏರಿಸಬಹುದು, ಫಾರ್ವರ್ಡ್ ಹೇಳದೇ ಬಿಟ್ಟ ದೊಡ್ಡ ಸತ್ಯ ಇದು. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ವೇಗ ಇನ್ನೂ ಹೆಚ್ಚು. ಆದರೆ ಕರಗಿದ್ದು ಹಾಗೇ ಹೋಗಿಬಿಡಬೇಕೆಂದಿಲ್ಲ. 1990ರಲ್ಲಿ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ವೃದ್ಧಾಶ್ರಮದ ಹತ್ತು ಜನಕ್ಕೆ ತೊಡೆಯ ಬಲದ ವ್ಯಾಯಾಮ ಮಾಡಿಸಿದರು. ಸರಾಸರಿ ವಯಸ್ಸು 90. ಎಂಟು ವಾರ ಪೂರೈಸಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತ್ತು. ತೊಂಬತ್ತರ ಸ್ನಾಯು ಮಾತು ಕೇಳುತ್ತದೆ ಎಂದ ಮೇಲೆ ಅರವತ್ತರದ್ದು ಕೇಳುವುದಿಲ್ಲವೇ?

ಹರಿಹರದ ಆ ತಾಯಿಗೆ ನಾವು ಹೇಳುವುದು ಹೀಗೆ. ಅಮ್ಮಾ, ಮಂಚ ಹಿಡಿದು ಏಳುವುದು ಸೋಲಲ್ಲ. ನೀವು ದಿನಕ್ಕೆ ನಾಲ್ಕಾರು ಸಲ ನೆಲಕ್ಕೆ ಕೂತು ಏಳುತ್ತಿದ್ದಿರಲ್ಲ, ಅದೇ ನಿಮ್ಮ ವ್ಯಾಯಾಮವಾಗಿತ್ತು. ಅದನ್ನು ನಿಲ್ಲಿಸಿದರೆ ತೊಡೆ ಇನ್ನೂ ಬೇಗ ಸೊರಗುತ್ತದೆ. ನೋವಿಲ್ಲದಿದ್ದರೆ ಮತ್ತೆ ಶುರು ಮಾಡಿ. ಏಳುವಾಗ ಮೊದಲು ಪಕ್ಕಕ್ಕೆ ತಿರುಗಿ, ಅಂಬೆಗಾಲಿಗೆ ಬನ್ನಿ, ಗಟ್ಟಿ ಇರುವ ಕಾಲಿನ ಪಾದವನ್ನು ಮುಂದಿಟ್ಟು, ಮಂಚದ ಮೇಲೆ ಕೈ ಊರಿ ಏಳಿ. ಜೊತೆಗೆ ದಿನ ಬಿಟ್ಟು ದಿನ ಕುರ್ಚಿ ಬಸ್ಕಿ: ಎಂಟು ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಕೂರುವಾಗ ಮನಸ್ಸಿನಲ್ಲಿ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಕುರ್ಚಿಯಿಂದ ಏಳುವುದು ಕಷ್ಟವಾದರೆ ಎತ್ತರದ ಮಂಚದಿಂದ ಶುರು ಮಾಡಿ, ಸಲೀಸಾದ ಮೇಲೆ ಕುರ್ಚಿ, ಆಮೇಲೆ ಸ್ಟೂಲು. ವಯಸ್ಸಾದವರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ, ಮೂರು ದಿನ ಸಮತೋಲನದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇಷ್ಟರಲ್ಲೇ ಆ ಪಾಲು ಬಹಳಷ್ಟು ಸಂದಾಯವಾಗುತ್ತದೆ.

ಕೈ ಊರುವುದು ನಿಜಕ್ಕೂ ಎಚ್ಚರಿಕೆಯಾಗುವುದು ಯಾವಾಗ?

ವರ್ಷಗಳಲ್ಲಿ ನಿಧಾನವಾಗಿ ಕಷ್ಟವಾಗುತ್ತಾ ಬಂದರೆ ಅದು ಒಂದು ಲೆಕ್ಕ. ಮೊನ್ನೆಯವರೆಗೆ ಸರಾಗವಾಗಿ ಏಳುತ್ತಿದ್ದವರು ಕೆಲವು ವಾರ ಅಥವಾ ತಿಂಗಳಲ್ಲಿ ಏಳಲಾಗದಂತಾದರೆ, ಮೆಟ್ಟಿಲು ಹತ್ತಲು, ತಲೆ ಬಾಚಲು ಕೂಡ ಬಲ ಸಾಲದಾದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ವಿಟಮಿನ್ ಡಿ ತೀವ್ರ ಕೊರತೆ, ಪೊಟ್ಯಾಸಿಯಂ ಇಳಿಕೆ, ಕೊಲೆಸ್ಟರಾಲಿನ ಕೆಲವು ಮಾತ್ರೆಗಳು ಹೀಗೆ ಮಾಡಬಲ್ಲವು, ಇವನ್ನು ಸರಿಪಡಿಸಲು ದಾರಿಯಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದೇ ಕಡೆಯ ಕೈಕಾಲು ದಿಢೀರನೆ ಸೋತರೆ ಪಾರ್ಶ್ವವಾಯು ಇರಬಹುದು, ಆಗ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ವಿಷಯ ಮಕ್ಕಳದ್ದು. ಈ ವಿಡಿಯೊ ನೋಡುವವರು ಅಜ್ಜ-ಅಜ್ಜಿಯರನ್ನೇ ಗಮನಿಸುತ್ತಾರೆ, ಪಕ್ಕದಲ್ಲಿ ಆಡುವ ಮೊಮ್ಮಗನನ್ನಲ್ಲ. ಮೂರರಿಂದ ಆರು ವರ್ಷದ ಹುಡುಗ ನೆಲದಿಂದ ಏಳುವಾಗ ಪ್ರತಿ ಸಲವೂ ಮೊದಲು ಕೈ ನೆಲಕ್ಕೆ ಊರಿ, ಆಮೇಲೆ ತನ್ನದೇ ಮೊಣಕಾಲು, ತೊಡೆಗಳ ಮೇಲೆ ಕೈಯಿಟ್ಟು ತನ್ನ ಮೈಯನ್ನೇ ಏಣಿಯಂತೆ ಹತ್ತಿ ನಿಲ್ಲುತ್ತಿದ್ದರೆ ಅದಕ್ಕೆ ವೈದ್ಯರು ಗೋವರ್ಸ್ ಚಿಹ್ನೆ ಎನ್ನುತ್ತಾರೆ. ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ 1879ರಲ್ಲಿ ಇದನ್ನು ವಿವರಿಸಿದ್ದರು. ಸೊಂಟ-ತೊಡೆಯ ಸ್ನಾಯು ದುರ್ಬಲವಾಗಿರುವುದರ ಗುರುತು ಇದು. ಜೊತೆಗೆ ಮೀನಖಂಡ ದಪ್ಪಗೆ ಕಾಣುವುದು, ಪದೇ ಪದೇ ಬೀಳುವುದು, ತುದಿಗಾಲಲ್ಲಿ ನಡೆಯುವುದು ಇದ್ದರೆ ಡುಶೆನ್ ಎಂಬ ಆನುವಂಶಿಕ ಸ್ನಾಯುಕ್ಷಯದ ಸಾಧ್ಯತೆ ಇರುತ್ತದೆ. ಅಪರೂಪದ ಕಾಯಿಲೆ, ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಒಂದೆರಡು ಸಲ ಕೈ ಊರಿದ ಮಾತ್ರಕ್ಕೆ ಅನುಮಾನ ಪಡಬೇಡಿ, ಎಲ್ಲ ಮಕ್ಕಳೂ ಊರುತ್ತಾರೆ. ಆದರೆ ಯಾವಾಗಲೂ ಹೀಗೇ ಏಳುತ್ತಿದ್ದರೆ, ಆ ಮಗು ಏಳುವುದನ್ನು ಮೊಬೈಲಿನಲ್ಲಿ ಹತ್ತು ಸೆಕೆಂಡ್ ವಿಡಿಯೊ ಮಾಡಿ ಮಕ್ಕಳ ಡಾಕ್ಟರಿಗೆ ತೋರಿಸಿ. ಮೊದಲ ಪರೀಕ್ಷೆ ಸಿಕೆ ಎಂಬ ಒಂದು ರಕ್ತಪರೀಕ್ಷೆ. ಹೆಚ್ಚಿನ ತಪಾಸಣೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ಕಾಯಿಲೆಗಳ ತಜ್ಞರಿದ್ದಾರೆ. 'ಹುಡುಗ ಸೋಮಾರಿ, ದೊಡ್ಡವನಾದರೆ ಸರಿಹೋಗುತ್ತದೆ' ಎಂದು ವರ್ಷಗಟ್ಟಲೆ ಕಾಯಬೇಡಿ. ಬೇಗ ಗೊತ್ತಾದರೆ ಔಷಧಿ ಮತ್ತು ಫಿಸಿಯೊಥೆರಪಿಯಿಂದ ಮಗು ನಡೆದಾಡುವ ವರ್ಷಗಳನ್ನು ಹೆಚ್ಚಿಸಬಹುದು. ಮುಂದಿನ ಮಗುವಿನ ಬಗ್ಗೆ ಯೋಚಿಸುತ್ತಿರುವ ತಂದೆತಾಯಿಗೂ ಆ ಮಾಹಿತಿ ಬೇಕಾಗುತ್ತದೆ.